ಕೆಂಪಂಚಿನ ಊಟದೆಲೆ

ಊಟದೆಲೆ ತರುವುದೂ ಒಂದು ಕೆಲಸವೇ? ಬೆಟ್ಟಕ್ಕೆ ಹೋಗುವುದು, ಮುತ್ತುಗದ ಮರಕ್ಕೆ ಕೈ ಹಾಕುವುದು, ಮಂಕರಿ ತುಂಬಿಸುವುದು, ಇಳಿದು ಬರುವುದು. ಇದರಲ್ಲಿ ಕೆಡಿಸುವುದಕ್ಕೆ ಏನೂ ಇಲ್ಲ. ನನ್ನ ತಂಗಿ ಗೌರಿಯ ಮದುವೆಗೆ ಎಲೆ ತರುವ ಜವಾಬ್ದಾರಿಯನ್ನು ಅಪ್ಪ ನನಗೆ ಒಪ್ಪಿಸಿದಾಗ ನನ್ನ ತಿಳುವಳಿಕೆ ಹೀಗಿತ್ತು. ಚಪ್ಪರ, ಸೌದೆ, ಅಡುಗೆ, ಓಲಗ ಇವೆಲ್ಲವನ್ನೂ ನನ್ನ ಕೈಯಿಂದ ಕಾಪಾಡುವ ಸಲುವಾಗಿಯೇ ಅಪ್ಪ ನನಗೆ ಎಲೆಯನ್ನು ಕೊಟ್ಟದ್ದು ಎಂದು ಅವ್ವ ಆಮೇಲೆ ಹೇಳಿದಳು. ಆಗ ಮಾತ್ರ ಅದು ನನಗೆ ದೊಡ್ಡ ಮರ್ಯಾದೆಯಾಗಿಯೇ ಕಂಡಿತ್ತು.

ಅದು ಯುದ್ಧದ ಕಾಲ. ಸಕ್ಕರೆ ಕಣ್ಣಿಗೆ ಬೀಳುತ್ತಿರಲಿಲ್ಲ, ಸೀಮೆಎಣ್ಣೆಯ ಮಾತೇ ಎತ್ತುವಂತಿರಲಿಲ್ಲ, ಅಕ್ಕಿಯನ್ನು ಮದುವೆಗೆಂದು ಅಲ್ಲಿಷ್ಟು ಇಲ್ಲಿಷ್ಟು ಕೂಡಿಸಬೇಕಾಗಿತ್ತು. ಮತ್ತಿಗಿರಿ ಕಡೆಯ ಗಂಡು ಮಿಲಿಟರಿಯಲ್ಲಿದ್ದ. ಇದ್ದಕ್ಕಿದ್ದ ಹಾಗೆ ರಜೆ ಸಿಕ್ಕಿ ಊರಿಗೆ ಬಂದ. ಮತ್ತೆ ಯಾವಾಗ ರಜೆಯೋ, ಎತ್ತ ಕಳಿಸುತ್ತಾರೋ ಗೊತ್ತಿಲ್ಲವಾದ್ದರಿಂದ ಸಂಕ್ರಾಂತಿ ಮುಗಿದ ಕೂಡಲೇ ಮದುವೆ ಎಂದು ನಿಶ್ಚಯವಾಯಿತು. ರಾಯಕೋಟೆಯ ಪಕ್ಕದ ನಮ್ಮ ಒಣ ಊರಿನಲ್ಲಿ ಬಾಳೆ ಎಲೆ ಎಂದರೆ ಮದುಮಕ್ಕಳಿಗೆ ಮಾತ್ರ. ಮಿಕ್ಕವರೆಲ್ಲ ಮುತ್ತುಗದ ಎಲೆಯಲ್ಲೇ ಉಣ್ಣಬೇಕು.

ಈ ಮುತ್ತುಗದ ಎಲೆಗೆ ಒಂದು ಕ್ರಮವಿದೆ. ದೀಪಾವಳಿ ಕಳೆದ ಮೇಲೆ, ಎಲೆ ಹಸಿರಾಗಿ ಬಲಿತಿರುವಾಗ ಕಿತ್ತು ತಂದು, ನೆರಳಿನಲ್ಲಿ ಆರಿಸಿ, ಚಪ್ಪಡಿ ಕಲ್ಲಿನ ಕೆಳಗೆ ಒತ್ತಿಡುತ್ತಾರೆ. ಬೇಕಾದಾಗ ಸಣ್ಣ ಕಡ್ಡಿ ಚುಚ್ಚಿ ಒಂದಕ್ಕೊಂದು ಸೇರಿಸಿ ದುಂಡಗೆ ಹಚ್ಚುತ್ತಾರೆ. ಹಾಗೆ ಹಚ್ಚಿದ ಹಳೆಯ ಎಲೆಯ ಕಟ್ಟುಗಳು ನಮ್ಮ ಅಟ್ಟದ ಮೇಲೆ ಅರ್ಧ ಮದುವೆಗೆ ಸಾಕಾಗುವಷ್ಟು ಇದ್ದವು. ಇನ್ನರ್ಧಕ್ಕೆ ತಂದರೆ ಸಾಕು ಎಂದು ಅಪ್ಪ ಹೇಳಿದ್ದರು.

ಇಷ್ಟರಲ್ಲೇ ಇದ್ದಿದ್ದರೆ ಎಲ್ಲವೂ ಸುಖವಾಗಿ ಮುಗಿಯುತ್ತಿತ್ತು. ಆದರೆ ನಾನು ಬೆಟ್ಟಕ್ಕೆ ಹೊರಡುವ ಹಿಂದಿನ ದಿನ ರೊಟ್ಟಿ ತಟ್ಟುತ್ತಾ ಅವ್ವ ಒಂದು ಮಾತು ಹೇಳಿಬಿಟ್ಟಳು. ಗಂಡಿನ ಚಿಕ್ಕಪ್ಪ ಪಿಳ್ಳಪ್ಪನವರು ಮದುವೆಗೆ ಎರಡು ದಿನ ಮೊದಲೇ ಬರುತ್ತಾರಂತೆ, ಅವರಿಗೆ ರತ್ನಮ್ಮ ಎಂಬ ಮಗಳಿದ್ದಾಳಂತೆ, ಹೆಣ್ಣು ಕೊಟ್ಟ ಮನೆಯಿಂದಲೇ ಹೆಣ್ಣು ತಂದರೆ ಚೆಂದವಂತೆ, ಅವರೂ ನನ್ನನ್ನು ನೋಡಿದ ಹಾಗಾಗುತ್ತದಂತೆ. ಹೇಳಿ, ಏನೂ ಹೇಳದವಳ ಹಾಗೆ ರೊಟ್ಟಿ ತಿರುವಿ ಹಾಕಿದಳು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಎಲ್ಲರೂ ತರುವಂಥ ಎಲೆಯನ್ನು ನಾನೂ ತಂದರೆ ಪಿಳ್ಳಪ್ಪನವರು ನನ್ನಲ್ಲಿ ನೋಡುವುದಾದರೂ ಏನನ್ನು?

ಬೆಳಿಗ್ಗೆ ಮಂಕರಿ ಹೊತ್ತು ಹೊರಟೆ. ಬೆಟ್ಟದ ಬುಡದಲ್ಲಿ ಹಳ್ಳದ ಪಕ್ಕ ತೇವ ಇರುವ ಕಡೆ ಮುತ್ತುಗದ ಎಲೆ ಇನ್ನೂ ಹಸಿರಾಗಿಯೇ ಇತ್ತು. ಅಲ್ಲೇ ನಿಂತು ಕಿತ್ತಿದ್ದರೆ ಬಿಸಿಲೇರುವ ಮೊದಲು ಮನೆಯಲ್ಲಿರುತ್ತಿದ್ದೆ. ಆದರೆ ನಾನು ತಲೆ ಎತ್ತಿ ನೋಡಿದೆ.

ಮಾಗಿಯಲ್ಲಿ ನಮ್ಮ ಬೆಟ್ಟವನ್ನು ನೋಡದವರಿಗೆ ಅದನ್ನು ಹೇಗೆ ಹೇಳುವುದೋ ತಿಳಿಯದು. ವರ್ಷವಿಡೀ ಅದು ಬರಿಯ ಬಂಡೆ, ಮುಳ್ಳು, ಧೂಳು. ಮಾಗಿಯಲ್ಲಿ ಮಾತ್ರ ಕೆಲವೇ ದಿನ ಅದಕ್ಕೊಂದು ಹುಚ್ಚು ಹಿಡಿಯುತ್ತದೆ. ಮೇಲಿನ ಇಳಿಜಾರಿನಲ್ಲಿ ದಿಂಡಿಗದ ಮರಗಳು ಅಡಿಯಿಂದ ತುದಿಯವರೆಗೆ ತಾಮ್ರದ ಕೆಂಪು, ನಡುವೆ ಮುತ್ತುಗ ಅರಿಸಿನ ಬಳಿದಂಥ ಹಳದಿ, ಅಲ್ಲಲ್ಲಿ ಎಲೆಯೆಲ್ಲ ಉದುರಿಸಿ ನಿಂತ ಬೋಳು ಮರಗಳ ಬಿಳಿ ಕೊಂಬೆ, ಅವುಗಳ ಹಿಂದೆ ಒಂದು ಮೋಡವೂ ಇಲ್ಲದ ಆಕಾಶ. ತಣ್ಣನೆಯ ಗಾಳಿ ಬೀಸಿದರೆ ಇಡೀ ಬೆಟ್ಟ ಸರಸರ ಎನ್ನುತ್ತಿತ್ತು. ಹುಟ್ಟಿದಾಗಿನಿಂದ ನೋಡಿದ ಬೆಟ್ಟವೇ. ಆದರೂ ಅವತ್ತು ನನ್ನ ಎದೆ ತುಂಬಿ ಬಂತು. ಈಗಲೂ ನೆನೆದರೆ ತುಂಬಿ ಬರುತ್ತದೆ, ಅದರಲ್ಲಿ ನಾಚಿಕೆ ಏನಿಲ್ಲ.

ಮೇಲಕ್ಕೆ ಹತ್ತಿದೆ. ಬಂಡೆಗಳ ನಡುವಿನ ಜಾಗದಲ್ಲಿ ಕೂತು ಬುತ್ತಿ ಬಿಚ್ಚಿದೆ. ರೊಟ್ಟಿ ಮುಗಿಯುವ ಹೊತ್ತಿಗೆ ನನಗೊಂದು ಯೋಚನೆ ಹೊಳೆಯಿತು. ಹಳದಿ ಮುತ್ತುಗದ ಎಲೆಯಲ್ಲಿ ಊಟದೆಲೆ ಹಚ್ಚಿ, ಅದರ ಸುತ್ತ ದಿಂಡಿಗದ ಕೆಂಪೆಲೆಯನ್ನು ಒತ್ತಾಗಿ ಸೇರಿಸಿದರೆ? ಕೆಂಪಂಚಿನ ಹಳದಿ ಸೀರೆ ಇದ್ದ ಹಾಗೆ ಕೆಂಪಂಚಿನ ಹಳದಿ ಊಟದೆಲೆ! ಮತ್ತಿಗಿರಿಯಲ್ಲಾಗಲಿ ಹೊಸೂರಿನಲ್ಲಾಗಲಿ ಯಾರೂ ಇಂಥದ್ದನ್ನು ಕಂಡಿರಲಾರರು. ಹಾಗೆ ಯಾರೂ ಏಕೆ ಕಂಡಿಲ್ಲ ಎಂದು ಕೇಳಿಕೊಳ್ಳುವ ಬುದ್ಧಿ ಮಾತ್ರ ನನಗೆ ಹೊಳೆಯಲಿಲ್ಲ.

ಮಂಕರಿಯಲ್ಲಿ ಎಲೆ ತುಳುಕುವಷ್ಟು ತುಂಬಿದೆ. ಹಣ್ಣಾದ ಎಲೆ ಕೀಳುವುದು ಎಷ್ಟು ಸಲೀಸು! ಕೈ ತಾಕಿದರೆ ತಾನಾಗಿಯೇ ಬರುತ್ತಿತ್ತು. ಇದನ್ನು ಬೆಟ್ಟ ನನಗೆ ಕೊಟ್ಟ ಆಶೀರ್ವಾದ ಎಂದುಕೊಂಡೆ. ಮಂಕರಿಯನ್ನು ತಲೆಯ ಮೇಲಿಟ್ಟುಕೊಂಡು ಇಳಿಯಲು ಶುರು ಮಾಡಿದೆ.

ಒಣಗಿದ ಎಲೆ ಬಿದ್ದ ಬಂಡೆಯ ಮೇಲೆ ಕಾಲಿಟ್ಟವರಿಗೆ ಮುಂದಿನದನ್ನು ವಿವರಿಸಬೇಕಾಗಿಲ್ಲ. ನಾನು ಇಳಿಯಲಿಲ್ಲ, ಜಾರಿದೆ. ನಿಂತು ಜಾರಿದ್ದು ಸ್ವಲ್ಪ ಹೊತ್ತು, ಕೂತು ಜಾರಿದ್ದೇ ಹೆಚ್ಚು. ಮಂಕರಿಯನ್ನು ಮಾತ್ರ ಎರಡೂ ಕೈಯಲ್ಲಿ ಮೇಲೆತ್ತಿ ಹಿಡಿದಿದ್ದೆ. ಬಂಡೆ ಮುಗಿದು ಹುಲ್ಲಿನಲ್ಲಿ ನಿಂತಾಗ ಒಂದೆಲೆಯೂ ಚೆಲ್ಲಿರಲಿಲ್ಲ. ಆದರೆ ನನ್ನ ಪಂಚೆಯ ಹಿಂಭಾಗ ಬಂಡೆಯ ಮೇಲೆಯೇ ಉಳಿದುಬಿಟ್ಟಿತ್ತು.

ಊರಿನ ಹಿಂದಿನ ಬೇಲಿ ಹಿಡಿದು, ಎದುರಿಗೆ ಯಾರಾದರೂ ಬಂದರೆ ಮರಕ್ಕೆ ಬೆನ್ನು ಕೊಟ್ಟು ನಿಂತು, ಹೇಗೋ ಮನೆಯ ಹತ್ತಿರ ಬಂದೆ. ಅಲ್ಲಿ ನೋಡಿದರೆ ಎತ್ತಿನ ಗಾಡಿ ನಿಂತಿತ್ತು. ಪಿಳ್ಳಪ್ಪನವರು ಬಂದೇಬಿಟ್ಟಿದ್ದರು! ಜಗಲಿಯ ಮೇಲೆ ಬಿಳಿ ಪಂಚೆ ಉಟ್ಟು ಗಂಭೀರವಾಗಿ ಕೂತಿದ್ದರು. ನಾನು ಗೋಡೆಗೆ ಬೆನ್ನು ಒತ್ತಿಕೊಂಡು ಪಕ್ಕಕ್ಕೆ ಹೆಜ್ಜೆ ಹಾಕುತ್ತಾ ಒಳಗೆ ನುಸುಳಬೇಕೆಂದಿದ್ದೆ. ಅಷ್ಟರಲ್ಲಿ ಅಪ್ಪ ಕರೆದು, ದೊಡ್ಡವರ ಕಾಲಿಗೆ ಬೀಳು ಎಂದರು. ನಾನು ಅಲುಗಾಡಲಿಲ್ಲ. ಅಪ್ಪ ಇನ್ನೊಮ್ಮೆ ಹೇಳಿದರು, ಅವ್ವ ಕಣ್ಣು ಬಿಟ್ಟಳು. ಬೇರೆ ದಾರಿ ಇರಲಿಲ್ಲ. ಪಿಳ್ಳಪ್ಪನವರು ಎದುರಿಗಿದ್ದಾರೆ, ಅವರಿಗೆ ನನ್ನ ಮುಂಭಾಗ ಮಾತ್ರ ಕಾಣುತ್ತದೆ ಎಂದು ಲೆಕ್ಕ ಹಾಕಿ, ಬಾಗಿ ಅವರ ಕಾಲು ಮುಟ್ಟಿದೆ.

ನನ್ನ ಲೆಕ್ಕ ಸರಿಯಾಗಿಯೇ ಇತ್ತು. ಹಿಂದೆ ಬಾವಿಯಿಂದ ಕೊಡ ಹೊತ್ತು ಬರುತ್ತಿದ್ದ ರತ್ನಮ್ಮ ಮಾತ್ರ ಆ ಲೆಕ್ಕದಲ್ಲಿರಲಿಲ್ಲ. ಕೊಡದಿಂದ ನೀರು ತುಳುಕಿದ ಸದ್ದೂ, ಯಾರೋ ನಗುವನ್ನು ಕೆಮ್ಮಿನಲ್ಲಿ ನುಂಗಿಕೊಂಡ ಸದ್ದೂ ನನ್ನ ಬೆನ್ನ ಹಿಂದೆ ಒಟ್ಟಿಗೆ ಕೇಳಿದವು. ಹೆಣ್ಣು ನೋಡುವುದು ಎಂಬ ಶಾಸ್ತ್ರವನ್ನು ಕೇಳಿದ್ದೇನೆ. ನಮ್ಮಿಬ್ಬರಲ್ಲಿ ನೋಡಿದ್ದು ಅವಳು, ಅದೂ ಈ ರೀತಿ.

ಮಾರನೆಯ ದಿನ ಹೆಂಗಸರು ಜಗಲಿಯ ಮೇಲೆ ಸೇರಿ ಎಲೆ ಹಚ್ಚಲು ಕೂತರು. ಬಣ್ಣ ಮಾಸಬಾರದೆಂದು ನಾನು ರಾಶಿಯ ಮೇಲೆ ಗಳಿಗೆಗೊಮ್ಮೆ ನೀರು ಚಿಮುಕಿಸುತ್ತಲೇ ಇದ್ದೆ. ಎಲೆಯ ವಿಷಯದಲ್ಲಿ ನಮ್ಮಜ್ಜಿಯ ಮಾತೇ ಕೊನೆ. ಆದರೆ ಅವಳಿಗೆ ಆಗಲೇ ಕಣ್ಣು ಮಂಜಾಗಿತ್ತು. ಒಂದೆಲೆಯನ್ನು ಬೆರಳಿನಲ್ಲಿ ಸವರಿ ನೋಡಿ, ಮೆತ್ತಗಿದೆ, ಪರವಾಗಿಲ್ಲ ಎಂದಳು. ಅವಳ ಬೆರಳಿಗೆ ಸಿಕ್ಕಿದ್ದು ನನ್ನ ನೀರು! ಮೊದಲ ಎಲೆ ಕೆಂಪಂಚಿನೊಂದಿಗೆ ಸಿದ್ಧವಾದಾಗ ನಾನು ಎತ್ತಿ ಹಿಡಿದು ತೋರಿಸಿದೆ. ಮೂರು ಭಾಷೆಯಲ್ಲಿ ಹೊಗಳಿಕೆ ಬಂತು. ನಮ್ಮವರು ಚೆಂದಾಗಿ ಅದೆ ಎಂದರು, ಪಕ್ಕದ ಮನೆಯ ತೆಲುಗಿನವರು ಬಾಗುಂದಿ ಎಂದರು, ಕೃಷ್ಣಗಿರಿಯಿಂದ ಬಂದಿದ್ದ ಅಡುಗೆಯವನು ಕೂಡ ಸೌಟು ಹಿಡಿದುಕೊಂಡೇ ಬಂದು ತಮಿಳಿನಲ್ಲಿ ಅಳಗಾ ಇರುಕ್ಕು ಎಂದ. ಗೌರಿಯಂತೂ ಎಲೆಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು.

"ಅಣ್ಣಾ, ನಂಗ್ ಬಾಳೆಲೆ ಬ್ಯಾಡ. ನಾನೂ ಇದ್ರಾಗೇ ಉಣ್ತೀನಿ" ಎಂದಳು.

ತಂಗಿ ನಾಳೆ ಇನ್ನೊಂದು ಮನೆಗೆ ಹೋಗುವವಳು. ಅವಳ ಆ ಒಂದು ಮಾತಿಗೆ ನನ್ನ ತಲೆ ನಿಲ್ಲದೆ ಹೋಯಿತು. ಇಂಥ ಎಲೆ ಇರುವಾಗ ಅಟ್ಟದ ಮೇಲಿನ ಮಾಸಲು ಎಲೆಯಲ್ಲಿ ಅರ್ಧ ಜನಕ್ಕೆ ಬಡಿಸುವುದು ಪಂಕ್ತಿಭೇದವಾಗುತ್ತದೆ ಎಂದು ಅಪ್ಪನ ಹತ್ತಿರ ವಾದಿಸಿದೆ. ಇನ್ನೊಂದು ಸಲ ಬೆಟ್ಟಕ್ಕೆ ಹೋಗಿ ಇನ್ನೊಂದು ಮಂಕರಿ ತಂದೆ. ಆಮೇಲೆ, ಬೀಗರ ಸ್ನಾನಕ್ಕೆ ನೀರೊಲೆ ಹೊತ್ತದೆ ಹೊಗೆಯಾಡುತ್ತಿದ್ದಾಗ, ಅಟ್ಟದ ಮೇಲಿನ ಹಳೆಯ ಕಟ್ಟುಗಳನ್ನೆಲ್ಲ ನನ್ನ ಕೈಯಾರೆ ಇಳಿಸಿ ಒಲೆಗೆ ಹಾಕಿದೆ. ಬಹಳ ಚೆನ್ನಾಗಿ ಉರಿದವು.

ಮದುವೆಯ ದಿನ ಧಾರೆ ಮುಗಿಯಿತು. ಮೊದಲ ಪಂಕ್ತಿ ಕೂತಿತು. ಚಪ್ಪರದ ಉದ್ದಕ್ಕೂ ಹಳದಿ ಎಲೆ, ಕೆಂಪು ಅಂಚು. ಬೆಟ್ಟವೇ ಇಳಿದು ಬಂದು ಊಟಕ್ಕೆ ಕೂತ ಹಾಗಿತ್ತು. ರಾತ್ರಿಯೆಲ್ಲ ಇಟ್ಟಿದ್ದರಿಂದ ನೀರು ಆರಿ ಎಲೆ ಗರಿಗರಿಯಾಗಿತ್ತು. ಅದೂ ಒಂದು ಗುಣವೆಂದೇ ನಾನು ತಿಳಿದೆ. ಪಿಳ್ಳಪ್ಪನವರಿಗೆ ನನ್ನ ಕೈಯಿಂದಲೇ ಬಡಿಸಬೇಕೆಂದು ಅವರೆಕಾಳು ಸಾರಿನ ಕೊಳಗವನ್ನು ಬೇರೆಯವರಿಂದ ಕಿತ್ತುಕೊಂಡು ಹೊರಟೆ.

ಅವರ ಎಲೆಗೆ, ಮುದ್ದೆಯ ಪಕ್ಕ, ಒಂದು ಸೌಟು ಸಾರು ಬಿಟ್ಟೆ. ನಾನು ಪಕ್ಕದವರ ಕಡೆ ತಿರುಗಿ ಮತ್ತೆ ನೋಡುವುದರೊಳಗೆ ಖಾಲಿ. ಬಿಸಿ ಸಾರನ್ನು ಇಷ್ಟು ಬೇಗ ಮುಗಿಸಿದರಲ್ಲ, ಊಟದ ಗಂಡಸು ಎಂದರೆ ಇವರು ಎಂದುಕೊಂಡು ಇನ್ನೊಂದು ಸೌಟು ಬಿಟ್ಟೆ. ಅದೂ ಖಾಲಿ. ನಮ್ಮ ಸಾರು ಅವರಿಗೆ ಎಷ್ಟು ಹಿಡಿಸಿದೆ ಎಂದು ಉಬ್ಬಿಹೋಗಿ ಮೂರನೆಯದನ್ನು ಬಿಡಲು ಬಾಗಿದೆ. ಪಿಳ್ಳಪ್ಪನವರು ತಲೆ ಎತ್ತಿದರು.

"ನೋಡಪ್ಪಾ, ನೀನು ಬುಟ್ಟಿದ್ದೆಲ್ಲಾ ನನ್ ಮಡ್ಲಾಗೆ ಅದೆ. ಎಲೆಗೂ ಒಂಚೂರು ಬುಡು."

ನೋಡಿದೆ. ಹಣ್ಣೆಲೆ ಬಿಸಿ ತಾಕಿದಲ್ಲೆಲ್ಲ ಪಟಪಟ ಬಿರುಕು ಬಿಟ್ಟಿತ್ತು. ಸಾರು ಎಲೆಯ ಅಡಿಯಿಂದ ಹರಿದು, ಚಪ್ಪರದ ನೆಲದ ಇಳಿಜಾರು ಹಿಡಿದು, ಸಾಲಾಗಿ ಕೂತ ಹಿರಿಯರ ಮಡಿಲನ್ನೆಲ್ಲ ವಿಚಾರಿಸಿಕೊಳ್ಳುತ್ತಾ ಮುಂದೆ ಸಾಗಿತ್ತು. ಅಷ್ಟೇ ಆಗಿದ್ದರೂ ತಡೆದುಕೊಳ್ಳಬಹುದಿತ್ತು. ದಿಂಡಿಗದ ಎಲೆಯನ್ನು ತೊಗಲು ಹದ ಮಾಡುವವರು ಬಳಸುತ್ತಾರೆ ಎಂದು ನನಗೆ ಗೊತ್ತಿರಲಿಲ್ಲ. ಬಿಸಿ ಬಿದ್ದು ಅದು ಬಣ್ಣ ಬಿಡತೊಡಗಿತು. ಬಿಳಿ ಪಂಚೆಗಳಿಗೆಲ್ಲ ಕಂದು ಕರೆ. ಪಾಯಸಕ್ಕೆ ಬೆಲ್ಲ ಎಷ್ಟು ಹಾಕಿದ್ದರೂ ಬಾಯಿಗಿಟ್ಟವರ ಮುಖ ಒಗರು ನೆಲ್ಲಿಕಾಯಿ ಕಚ್ಚಿದ ಹಾಗಾಯಿತು. ಜನ ಒಬ್ಬೊಬ್ಬರಾಗಿ ಏಳತೊಡಗಿದರು. ನಿನ್ನೆ ಹೊಗಳಿದ್ದ ಮೂರು ಭಾಷೆಯಲ್ಲೂ ಇವತ್ತು ಬೈಗುಳ ಬಂದವು.

ಅಟ್ಟದ ಮೇಲಿನ ಎಲೆ ತರಲು ಅಪ್ಪ ಕೂಗಿದರು. ಅದು ಬೀಗರ ನೀರೊಲೆಯಲ್ಲಿ ಆಗಲೇ ಬೂದಿಯಾಗಿತ್ತು. ಗಂಡಿನ ಕಡೆಯವರು ಉಣ್ಣದೆ ಎದ್ದು ಹೋದರೆ ಗೌರಿ ಆ ಮನೆಯಲ್ಲಿ ಬಾಳುವುದು ಹೇಗೆ? ನಾನು ಕೊಳಗ ಹಿಡಿದು ಚಪ್ಪರದ ನಡುವೆ ನಿಂತೇ ಇದ್ದೆ.

ಆಗ ಹೆಂಗಸರ ಪಂಕ್ತಿಯಿಂದ ಒಂದು ದನಿ ಕೇಳಿತು. ಜೋರಾಗಿಯೇನೂ ಇರಲಿಲ್ಲ.

"ಎದ್ದೇಳ್ಬ್ಯಾಡಿ. ಮುದ್ದೇನ ಎಲೆ ಮ್ಯಾಲೆ ತಟ್ಟಿ, ಸುತ್ತಾ ಕಟ್ಟೆ ಕಟ್ಕೊಳ್ಳಿ. ಸಾರು ನಿಂತ್ಕೊಂತದೆ."

ರತ್ನಮ್ಮ. ಕಪ್ಪಗಿದ್ದಳು, ತೆಳ್ಳಗಿದ್ದಳು, ಎಲೆಯ ನಡುವೆ ರಾಗಿ ಮುದ್ದೆಯನ್ನು ತಟ್ಟೆಯ ಹಾಗೆ ತಟ್ಟಿ, ಗದ್ದೆಗೆ ಬದು ಹಾಕಿದಷ್ಟು ಅಚ್ಚುಕಟ್ಟಾಗಿ ಸುತ್ತ ಕಟ್ಟೆ ಎಬ್ಬಿಸಿ, ಅದರಲ್ಲಿ ಸಾರು ಹಾಕಿಸಿಕೊಂಡು ಉಣ್ಣುತ್ತಿದ್ದಳು. ಪಕ್ಕದವರು ನೋಡಿ ಹಾಗೆಯೇ ಮಾಡಿದರು. ಅವರನ್ನು ನೋಡಿ ಗಂಡಸರ ಪಂಕ್ತಿ. ಸ್ವಲ್ಪ ಹೊತ್ತಿನಲ್ಲಿ ಚಪ್ಪರದ ತುಂಬ ಹಿರಿಯರು ಕಿರಿಯರೆನ್ನದೆ ಎಲ್ಲರೂ ಮಕ್ಕಳ ಹಾಗೆ ಕಟ್ಟೆ ಕಟ್ಟುವುದರಲ್ಲಿ ಮುಳುಗಿದ್ದರು. ಯಾರೋ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಮದುವೆ ಉಳಿಯಿತು. ನಾನು ಮಾತ್ರ ಉಳಿಯಲಿಲ್ಲ. ಅವಳ ಕೈಯನ್ನೇ ನೋಡುತ್ತಾ ಕೊಳಗದ ಸಾರನ್ನು ನನ್ನ ಕಾಲ ಮೇಲೆ ಸುರಿದುಕೊಂಡಿದ್ದೆ. ಮದುವೆಯಾದರೆ ಇವಳನ್ನೇ ಎಂದು ಆ ಉರಿಯಲ್ಲೇ ನಿರ್ಧಾರ ಮಾಡಿದೆ.

ಗಾಡಿ ಹತ್ತುವ ಮುಂಚೆ ಪಿಳ್ಳಪ್ಪನವರು ಅಪ್ಪನನ್ನು ಪಕ್ಕಕ್ಕೆ ಕರೆದರು. ಪಂಚೆಯ ಕರೆಯ ಮಾತನ್ನೇ ಅವರು ಎತ್ತಲಿಲ್ಲ.

"ಗೌಡ್ರೇ, ಹುಡ್ಗ ಒಳ್ಳೇವ್ನೇ. ಆದ್ರೆ ಬಣ್ಣ ನೋಡಿ ಎಲೆ ಕೀಳೋವ್ನು. ನನ್ ಮಗ್ಳು ಕಪ್ಪು. ನಾಳಿಕ್ಕೆ ಅವ್ಳ್ನ ಹೆಂಗ್ ನೋಡ್ಕೊಂತಾನೋ, ನಂಗೆ ಧೈರ್ಯ ಬರಾಕಿಲ್ಲ."

ಗೋಡೆಯ ಈಚೆ ನಿಂತಿದ್ದ ನನಗೆ ಅದು ಕೇಳಿಸಿತು. ಪಂಚೆ ಹರಿದಾಗ ನಾಚಿಕೆಯಾಗಿತ್ತು, ಸಾರು ಹರಿದಾಗ ಭಯವಾಗಿತ್ತು. ಈ ಮಾತಿಗೆ ಮಾತ್ರ ನೋವಾಯಿತು. ಅವರ ಮಾತು ಸುಳ್ಳು ಎಂದು ಹೇಳೋಣವೆಂದರೆ ಚಪ್ಪರದ ತುಂಬ ಕೆಂಪಂಚಿನ ಎಲೆ ಸಾಕ್ಷಿಗೆ ಬಿದ್ದಿತ್ತು.

ಬಾಯಿಮಾತಿನಲ್ಲಿ ಅವರ ಅನುಮಾನ ಹೋಗದು, ಎಲೆಯಲ್ಲಿ ಬಂದದ್ದು ಎಲೆಯಲ್ಲೇ ಹೋಗಬೇಕು ಎಂದು ನಿಶ್ಚಯಿಸಿದೆ. ಒಳ್ಳೆಯ ಎಲೆಗಾಗಿ ಮುಂದಿನ ದೀಪಾವಳಿಯವರೆಗೆ ಕಾದೆ. ಅಷ್ಟು ದಿನವೂ ಅವಳನ್ನು ಬೇರೆ ಯಾರಾದರೂ ನೋಡಿ ಒಪ್ಪಿಬಿಟ್ಟರೆ ಎಂದು ಹೆದರುತ್ತಲೇ ಇದ್ದೆ. ದೀಪಾವಳಿ ಕಳೆಯಿತು. ಬೆಟ್ಟದ ಕಡೆ ತಲೆಯೇ ಎತ್ತದೆ, ಹಳ್ಳದ ಪಕ್ಕದ ಹಸಿರೆಲೆಯನ್ನೇ ಕಿತ್ತೆ. ನೆರಳಲ್ಲಿ ಆರಿಸಿದೆ, ಕಲ್ಲಿನಡಿ ಒತ್ತಿದೆ. ಬೇರೆಯವರ ಕೈ ತಾಕಬಾರದೆಂದು ನಾನೇ ಕಡ್ಡಿ ಚುಚ್ಚಿ ಹಚ್ಚಿದೆ. ಅಜ್ಜಿ ಕಲಿಸಿಕೊಡುತ್ತೇನೆ ಎಂದಳು. ಬೇಡ ಎಂದೆ. ಎಲೆ ಸರಿಯಾಗಿದ್ದರೆ ಮಿಕ್ಕದ್ದರಲ್ಲಿ ಕೆಡಿಸುವುದಕ್ಕೆ ಏನಿದೆ?

ಆಗ ರಾಯಕೋಟೆಯ ರೈಲು ನಿಂತುಹೋಗಿತ್ತು. ಹುರುಳಿ ಮೂಟೆಯ ಗಾಡಿಯೊಂದರಲ್ಲಿ ಹೊಸೂರು ಮುಟ್ಟಿ, ಎಲೆಯ ಕಟ್ಟು ಹೆಗಲಿಗೇರಿಸಿ ಮತ್ತಿಗಿರಿಗೆ ನಡೆದೆ. ದಾರಿಯುದ್ದಕ್ಕೂ ದೊಡ್ಡ ಭಾಷಣ ಸಿದ್ಧಮಾಡಿಕೊಂಡಿದ್ದೆ. ಪಿಳ್ಳಪ್ಪನವರ ಎದುರು ನಿಂತಾಗ ನನ್ನ ಬಾಯಿಂದ ಬಂದದ್ದು ಒಂದೇ ಮಾತು.

"ಹಸ್ರು ಎಲೆ ತಂದಿವ್ನಿ."

ಅವರು ನನ್ನನ್ನೂ ಕಟ್ಟನ್ನೂ ಬಹಳ ಹೊತ್ತು ನೋಡಿದರು. ಊಟದ ಹೊತ್ತಾಗಿತ್ತು. ಮೇಲಿನ ಎಲೆಯನ್ನು ತೊಳೆದು ತರುವಂತೆ ಮಗಳಿಗೆ ಹೇಳಿದರು. ರತ್ನಮ್ಮ ಕಟ್ಟನ್ನು ಒಳಗೆ ಒಯ್ದಳು. ಸ್ವಲ್ಪ ಹೊತ್ತಾದ ಮೇಲೆ ಎಲೆ ತಂದು ತನ್ನಪ್ಪನ ಮುಂದೆ ಹಾಸಿದಳು. ಅವರು ಮುದ್ದೆ ಬೇಡವೆಂದು ಬರಿಯ ಎಲೆಗೆ ಸಾರು ಬಿಡಿಸಿಕೊಂಡರು. ಸಾರು ನಿಂತಿತು. ಒಂದು ಹನಿ ಕೂಡ ಕೆಳಗಿಳಿಯಲಿಲ್ಲ. ಪಿಳ್ಳಪ್ಪನವರು ನೆಲವನ್ನು ಕೈಯಲ್ಲಿ ಸವರಿ ನೋಡಿ, "ನಿಂತದೆ" ಎಂದರು. ಮುಂದಿನ ಮಾಘದಲ್ಲಿ ನಮ್ಮ ಮದುವೆಯಾಯಿತು. ಎಲೆಯ ಜವಾಬ್ದಾರಿಯನ್ನು ಅಪ್ಪ ಈ ಸಲ ಅಜ್ಜಿಗೆ ಒಪ್ಪಿಸಿದರು.

ಆಮೇಲೆ ಎಷ್ಟೋ ವರ್ಷ ಈ ಕಥೆಯನ್ನು ನಾನು ಹೋದಹೋದ ಮದುವೆಯಲ್ಲೆಲ್ಲ ಹೇಳಿದೆ. ಸೋರದ ಎಲೆಯೊಂದನ್ನು ಹಚ್ಚಿ ಹೆಣ್ಣು ಗೆದ್ದವನು ಈ ಸೀಮೆಯಲ್ಲಿ ನಾನೊಬ್ಬನೇ ಎಂದು ಮೀಸೆ ತೀಡುತ್ತಿದ್ದೆ. ನಮ್ಮ ದೊಡ್ಡ ಮಗಳ ಮದುವೆ ಹತ್ತಿರ ಬಂದಾಗ ಹೊಸ ಬೀಗರ ಎದುರಿಗೂ ಅದನ್ನೇ ಶುರುಮಾಡಿದೆ. ರತ್ನಮ್ಮ ಪಕ್ಕದಲ್ಲಿ ಎಲೆ ಹಚ್ಚುತ್ತಾ ಕೂತಿದ್ದಳು. ತಲೆ ಎತ್ತದೆಯೇ ಹೇಳಿದಳು.

"ಅವತ್ತು ನಮ್ಮಪ್ಪ ಉಂಡಿದ್ದು ನಾನ್ ಹಚ್ಚಿದ್ ಎಲೆ. ನಿಮ್ದು ಒಳಗೆ ತೊಳ್ಯೋವಾಗ್ಲೇ ಸೋರ್ತು. ಸಾರಿನ್ ಗಂಟ ಹೋಗ್ನಿಲ್ಲ."

ಬೀಗರು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ, ಬೇರೆ ಏನು ಮಾಡಲಿ? ಅವರು ಹೋದ ಮೇಲೆ ಅವಳನ್ನು ಕೇಳಿದೆ. ನಿನ್ನಪ್ಪನಿಗೆ ಹಾಗೆ ಮೋಸ ಮಾಡುವಷ್ಟು ನನ್ನಲ್ಲಿ ನೀನು ಏನು ಕಂಡೆ? ಹರಿದ ಪಂಚೆಯನ್ನು ಕಂಡಿದ್ದೆ, ಸೋರುವ ಎಲೆಯನ್ನು ಕಂಡಿದ್ದೆ, ಮೂರನೆಯದೇನನ್ನೂ ನಾನು ತೋರಿಸಿರಲಿಲ್ಲವಲ್ಲ?

ಅವಳು ಕಡ್ಡಿ ಮುರಿದು ಎಲೆಗೆ ಚುಚ್ಚಿದಳು.

"ಗೌರಿ ಮದ್ವೇಲಿ ಆ ಕೆಂಪಂಚಿನ ಎಲೆ ನನ್ ಮುಂದ್ಕೆ ಬಂತಲ್ಲ. ಅಂಥಾ ಚೆಂದದ್ ಎಲೆ ನಂಗ್ಯಾರೂ ಹಾಕಿರ್ನಿಲ್ಲ."

ಈಗಲೂ ಮಾಗಿ ಬಂದರೆ ಬೆಟ್ಟ ಕೆಂಪಾಗುತ್ತದೆ. ಇಬ್ಬರೂ ಜಗಲಿಯ ಮೇಲೆ ಕೂತು ನೋಡುತ್ತೇವೆ. ಅಪ್ಪ, ಅವ್ವ, ಅಜ್ಜಿ, ಪಿಳ್ಳಪ್ಪನವರು ಎಲ್ಲರೂ ನೆನಪಾಗುತ್ತಾರೆ. ಒಮ್ಮೆ ಹತ್ತಿ ಬರಲೇ ಎಂದು ಕೇಳುತ್ತೇನೆ.

"ಹತ್ತಿ ಬನ್ನಿ" ಎನ್ನುತ್ತಾಳೆ ರತ್ನಮ್ಮ. "ಎಲೆ ಮಾತ್ರ ತರ್ಬ್ಯಾಡಿ."

ನಾನು ಎದ್ದು ನಿಂತು, ಪಂಚೆಯ ಹಿಂಭಾಗವನ್ನು ಒಮ್ಮೆ ಮುಟ್ಟಿ ನೋಡಿಕೊಂಡು, ಮತ್ತೆ ಕೂತಲ್ಲೇ ಕೂರುತ್ತೇನೆ.